ರಾಷ್ಟ್ರಗಳು ಪರಸ್ಪರ ಕಂಡಂತೆ

ಬೆಂಗಳೂರಿನಿಂದ ಯಲಹಂಕಕ್ಕೆ ಹೋಗುವ ಹಾದಿಯಲ್ಲಿ ಅಲ್ಲಾಳಸಂದ್ರವೆಂಬ ಊರಿದೆ. ಹಿಂದೆ ಕೆರೆಯ ಬದಿಯ ಹಳ್ಳಿಯಾಗಿದ್ದ ಅದು ಇಂದು ಮಹಾನಗರದ ಒಂದು ಭಾಗ. ಸಮೀಪದ ಯಲಹಂಕ ವಾಯುನೆಲೆಯಲ್ಲಿ 1996ರಿಂದ ಸಾಮಾನ್ಯವಾಗಿ ಎರಡು ವರ್ಷಗಳಿಗೊಮ್ಮೆ ವೈಮಾನಿಕ ಪ್ರದರ್ಶನ ನಡೆಯುತ್ತ ಬಂದಿದೆ. ಹಲವು ದೇಶಗಳ ವಿಮಾನಗಳು ಅಲ್ಲಿಗೆ ಬರುತ್ತವೆ. ಆದರೆ ವಿಮಾನವನ್ನು ಕಂಡವರೆಲ್ಲರೂ ಆ ದೇಶದ ಜನರನ್ನು ಕಂಡವರಲ್ಲ. ಹಾಗಿದ್ದರೂ, ಆ ಜನ ಎಂಥವರೆಂದು ಕೇಳಿದರೆ ಬಹುಮಂದಿ ಉತ್ತರ ಹೇಳಬಲ್ಲರು. ಕಾಣದವರ ಬಗೆಗಿನ ಈ ಅಭಿಪ್ರಾಯ ಎಲ್ಲಿಂದ ಬರುತ್ತದೆ? ಅದನ್ನು ಅಳೆಯಲು ಸಾಧ್ಯವೆ?

ಅನ್ನ ಬೆಂದಿತೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು. ಜನಾಭಿಪ್ರಾಯದ ಸಮೀಕ್ಷೆಗೂ ಇದೇ ತತ್ತ್ವವು ಆಧಾರ. ಆದರೆ ಸಮಾಜದಲ್ಲಿ ಎಲ್ಲ ಅಗುಳುಗಳೂ ಒಂದೇ ಬಗೆಯವಲ್ಲ. 1936ರಲ್ಲಿ ಅಮೆರಿಕದ ಒಂದು ಪತ್ರಿಕೆಯು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರ ಉತ್ತರಗಳನ್ನು ಪಡೆದೂ ಅಧ್ಯಕ್ಷರ ಚುನಾವಣೆಯ ಫಲವನ್ನು ತಪ್ಪಾಗಿ ನುಡಿಯಿತು. ಅದಕ್ಕಿಂತ ಬಹಳ ಕಡಿಮೆ ಜನರನ್ನು ಕ್ರಮಬದ್ಧವಾಗಿ ಆಯ್ದು ಪ್ರಶ್ನಿಸಿದ ಜಾರ್ಜ್ ಗ್ಯಾಲಪ್‌ರ ಎಣಿಕೆ ನಿಜವಾಯಿತು. ಎಷ್ಟು ಜನರನ್ನು ಕೇಳಿದರೆಂಬುದಕ್ಕಿಂತ ಯಾರನ್ನು ಕೇಳಿದರೆಂಬುದೇ ಮುಖ್ಯ. ಅಲ್ಲಾಳಸಂದ್ರಕ್ಕೆ ಸಮೀಕ್ಷಕನೊಬ್ಬನು ಬಂದನೆಂದರೆ, ಅವನು ಹಳೆಯ ಊರಿನ ಮನೆಗಳನ್ನೂ ಹೊಸ ಬಹುಮಹಡಿ ಕಟ್ಟಡಗಳನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಬಾಗಿಲು ತೆರೆದವರನ್ನೇ ಪ್ರಶ್ನಿಸಿ ಮರಳಿದರೆ, ಅಡುಗೆಮನೆಯಲ್ಲಿರುವ ಅಜ್ಜಿಯ ಅಭಿಪ್ರಾಯ ಎಂದಿಗೂ ಲೆಕ್ಕಕ್ಕೆ ಬಾರದು.

ಎರಡನೆಯ ಮಹಾಯುದ್ಧದ ತರುವಾಯ, 1948ರಲ್ಲಿ, ಯುನೆಸ್ಕೋ ಸಂಸ್ಥೆಯು ಒಂಬತ್ತು ದೇಶಗಳಲ್ಲಿ ಇಂತಹ ಸಮೀಕ್ಷೆಯನ್ನು ಏರ್ಪಡಿಸಿತು. ಹನ್ನೆರಡು ಗುಣವಾಚಕಗಳ ಪಟ್ಟಿಯನ್ನು ಕೊಟ್ಟು, ತಮ್ಮ ದೇಶದವರಿಗೂ ಪರದೇಶದವರಿಗೂ ಒಪ್ಪುವ ಮಾತುಗಳನ್ನು ಆರಿಸುವಂತೆ ಜನರನ್ನು ಕೇಳಲಾಯಿತು. ಶ್ರಮಜೀವಿಗಳು, ಧೀರರು, ಕ್ರೂರಿಗಳು, ಶಾಂತಿಪ್ರಿಯರು ಮುಂತಾದ ಪದಗಳು ಅದರಲ್ಲಿದ್ದವು. ಬಹುತೇಕ ದೇಶಗಳ ಜನ ತಮ್ಮನ್ನು ಶಾಂತಿಪ್ರಿಯರೆಂದು ಕರೆದುಕೊಂಡರು. ಯುದ್ಧದ ಗಾಯ ಇನ್ನೂ ಮಾಯದಿದ್ದ ಕಾಲದಲ್ಲಿ ದೊರೆತ ಈ ಉತ್ತರ ಚಿಂತನಾರ್ಹವಾದುದು.

ಅದಕ್ಕಿಂತಲೂ ಗಮನಾರ್ಹವಾದ ಸಂಗತಿ ಇನ್ನೊಂದು. 1942ರಲ್ಲಿ ಅಮೆರಿಕವೂ ರಷ್ಯವೂ ಯುದ್ಧದಲ್ಲಿ ಮಿತ್ರರಾಗಿದ್ದಾಗ, ರಷ್ಯನ್ನರು ಕ್ರೂರಿಗಳೆಂದ ಅಮೆರಿಕನ್ನರು ವಿರಳ. ಸ್ನೇಹ ಮುರಿದ 1948ರ ವೇಳೆಗೆ ಹಾಗೆಂದವರ ಸಂಖ್ಯೆ ಬಹುವಾಗಿ ಏರಿತ್ತು. ಭಾರತದಲ್ಲಿಯೂ ಇದಕ್ಕೆ ನಿದರ್ಶನವುಂಟು. ಪಾಟ್ನಾದ ವಿದ್ಯಾರ್ಥಿಗಳು ಚೀನೀಯರನ್ನು ಕುರಿತು ತಳೆದಿದ್ದ ಭಾವನೆಯನ್ನು ಸಿನ್ಹಾ ಮತ್ತು ಉಪಾಧ್ಯಾಯ ಎಂಬ ವಿದ್ವಾಂಸರು 1959ರ ಫೆಬ್ರವರಿಯಲ್ಲಿಯೂ ಡಿಸೆಂಬರಿನಲ್ಲಿಯೂ ಪರೀಕ್ಷಿಸಿದರು. ಮೊದಲ ಬಾರಿ ಚೀನೀಯರು ಸ್ನೇಹಪರರೂ ಪ್ರಾಮಾಣಿಕರೂ ಆಗಿ ಕಂಡಿದ್ದರು. ನಡುವೆ ಗಡಿವಿವಾದ ತೀವ್ರವಾಗಿ ರಕ್ತಪಾತವೂ ಆಯಿತು. ಎರಡನೆಯ ಬಾರಿ ಅದೇ ಜನ ಆಕ್ರಮಣಕಾರರೂ ವಂಚಕರೂ ಆಗಿ ತೋರಿದರು. ಹತ್ತು ತಿಂಗಳಲ್ಲಿ ಕೋಟ್ಯಂತರ ಜನರ ಸ್ವಭಾವ ಬದಲಾಗುವುದುಂಟೆ? ಬದಲಾದುದು ಸರ್ಕಾರಗಳ ಸಂಬಂಧ. ಅದನ್ನು ಹಿಂಬಾಲಿಸಿ ನೋಡುವವರ ಕಣ್ಣು ಬದಲಾಗಿತ್ತು.

ಸಮೀಕ್ಷೆಯ ಕಾರ್ಯ ಇಂದಿಗೂ ಮುಂದುವರಿದಿದೆ. 2002ರಲ್ಲಿ ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು 44 ದೇಶಗಳ ಜನರನ್ನು ಪ್ರಶ್ನಿಸಿತು. ಆ ಬಗೆಯ ಪ್ರಶ್ನೆಗಳು ಮುಂದೆ ಕನ್ನಡದಲ್ಲಿಯೂ ಕೇಳಲ್ಪಟ್ಟವು. ಪ್ರಶ್ನೆಯ ಒಂದು ಪದ ವ್ಯತ್ಯಾಸವಾದರೂ ಉತ್ತರ ಬೇರೆಯಾಗಬಹುದಾದುದರಿಂದ ಅನುವಾದದಲ್ಲಿ ಬಹಳ ಎಚ್ಚರ ಅಗತ್ಯ. ‘ಗೊತ್ತಿಲ್ಲ’ ಎಂಬ ಉತ್ತರವನ್ನೂ ಸಮೀಕ್ಷಕರು ದಾಖಲಿಸುತ್ತಾರೆ. ಅರಿಯದುದನ್ನು ಅರಿಯೆನೆಂದು ಹೇಳುವುದು ಕುಂದಲ್ಲ, ಪ್ರಾಮಾಣಿಕತೆ.

ಒಂದು ದೇಶವನ್ನು ಇಷ್ಟು ಜನ ಮೆಚ್ಚುವುದಿಲ್ಲವೆಂದು ಪತ್ರಿಕೆಯಲ್ಲಿ ಪ್ರಕಟವಾಗುವ ಅಂಕಿ ಆ ದೇಶದ ಜನರ ಗುಣವನ್ನು ಅಳೆದುದಲ್ಲ. ಉತ್ತರವಿತ್ತವರ ಮನಸ್ಸನ್ನು ಅಳೆದುದು. ಕನ್ನಡಿಯಲ್ಲಿ ಕಾಣುವುದು ನೋಡುವವನ ಮುಖವೇ. ಪರಜನರನ್ನು ಕುರಿತು ತೀರ್ಪು ನೀಡುವ ಮುನ್ನ, ಆ ತೀರ್ಪು ತನ್ನ ಅನುಭವದಿಂದ ಬಂದುದೋ ಅನ್ಯರ ಮಾತಿನಿಂದ ಬಂದುದೋ ಎಂದು ತನ್ನನ್ನೇ ಕೇಳಿಕೊಳ್ಳುವುದು ವಿವೇಕಿಯಾದ ನಾಗರಿಕನ ಲಕ್ಷಣ.