ಸಿಲಿಕಾನ್ ಮೈಮೇಲಿನ ರಂಗೋಲಿ

ಮಕ್ಕಳೇ, ಮೊದಲು ಅಂಗಳಕ್ಕೆ ಬನ್ನಿ. ಹತ್ತು ಜನ ಸಾಲಾಗಿ ನಿಂತು ಅಕ್ಕಪಕ್ಕದವರ ಕೈ ಹಿಡಿದುಕೊಳ್ಳಿ. ನಡುವೆ ಇರುವವರ ಎರಡೂ ಕೈ ತುಂಬಿವೆ. ತುದಿಯ ಇಬ್ಬರಿಗೆ ಮಾತ್ರ ಒಂದೊಂದು ಕೈ ಖಾಲಿ ಉಳಿಯಿತು, ಅಲ್ಲವೇ?

ಸಿಲಿಕಾನ್ ಪರಮಾಣುವಿಗೆ ಇಂಥ ಕೈಗಳು ನಾಲ್ಕು. ಇವೇ ಬಂಧಗಳು. ಒಂದೊಂದು ಬಂಧಕ್ಕೂ ಎರಡು ಎಲೆಕ್ಟ್ರಾನ್ ಬೇಕು. ನೆರೆಯ ಪರಮಾಣುಗಳು ಒಂದೊಂದನ್ನು ಕೊಡುತ್ತವೆ. ಸ್ಫಟಿಕದ ಒಳಗೆ ಎಲ್ಲರ ನಾಲ್ಕು ಕೈಗಳೂ ತುಂಬಿರುತ್ತವೆ. ಸ್ಫಟಿಕವನ್ನು ಸೀಳಿದರೆ? ಮೇಲ್ಮೈಯ ಪರಮಾಣುಗಳಿಗೆ ನೆರೆಯವರು ಕಡಿಮೆಯಾಗಿ, ಕೈ ಖಾಲಿಯಾಗುತ್ತದೆ. ಗಾಳಿಯಿದ್ದರೆ ಆಕ್ಸಿಜನ್ ಕೂಡಲೇ ಬಂದು ಹಿಡಿದುಕೊಳ್ಳುತ್ತದೆ. ಆದ್ದರಿಂದ ಇಂಥ ಪ್ರಯೋಗಗಳೆಲ್ಲ ನಿರ್ವಾತದಲ್ಲೇ ನಡೆಯುತ್ತವೆ.

ನಿರ್ವಾತದಲ್ಲಿ ಹಿಡಿಯಲು ಯಾರೂ ಇಲ್ಲದಾಗ ಸಿಲಿಕಾನ್ ಪರಮಾಣುಗಳು ಸುಮ್ಮನಿರುವುದಿಲ್ಲ. ಸ್ಫಟಿಕದ ಒಂದು ಮುಖವನ್ನು ಕಾಯಿಸಿ ಆರಲು ಬಿಟ್ಟರೆ ಅವು ಜಾಗ ಬದಲಿಸಿ ಹೊಸ ವಿನ್ಯಾಸಕ್ಕೆ ಬರುತ್ತವೆ. ಅದರ ಒಂದು ತುಂಡಿನ ಬದಿ ಸುಮಾರು 2.7 ನ್ಯಾನೊಮೀಟರ್. ಅಲ್ಲಿ 49 ಇರಬೇಕಿದ್ದ ಖಾಲಿ ಕೈಗಳು 19ಕ್ಕೆ ಇಳಿಯುತ್ತವೆ! 1983ರಲ್ಲಿ ಗೆರ್ಡ್ ಬಿನ್ನಿಗ್, ಹೈನ್ರಿಖ್ ರೋರರ್ ಮತ್ತು ಸಂಗಡಿಗರು ಈ ರಂಗೋಲಿಯ ಚುಕ್ಕಿಗಳ ಚಿತ್ರವನ್ನು ಪ್ರಕಟಿಸಿದರು. ಅದನ್ನು ತೆಗೆದ ಸೂಕ್ಷ್ಮದರ್ಶಕವನ್ನು ರೂಪಿಸಿದ್ದಕ್ಕಾಗಿ ಇವರಿಬ್ಬರಿಗೆ 1986ರಲ್ಲಿ ನೊಬೆಲ್ ಬಹುಮಾನದ ಪಾಲು ದೊರೆಯಿತು.

ಈಗ ಈ ಮೇಲ್ಮೈಗೆ ಒಬ್ಬ ಅತಿಥಿಯನ್ನು ಕರೆಯೋಣ. ಹೆಸರು ಯಿಟರ್ಬಿಯಂ, ವಿರಳ ಭಸ್ಮ ಲೋಹಗಳಲ್ಲಿ ಒಂದು. ಸ್ವೀಡನ್ ದೇಶದ ಯಿಟರ್ಬಿ ಎಂಬ ಪುಟ್ಟ ಊರಿನಿಂದ ಬಂದ ಹೆಸರಿದು. ಯಿಟ್ರಿಯಂ, ಟರ್ಬಿಯಂ, ಎರ್ಬಿಯಂಗಳಿಗೂ ಅದೇ ಊರಿನ ಹೆಸರು! 'ವಿರಳ' ಎಂದು ಕರೆದರೂ ಭೂಮಿಯ ಚಿಪ್ಪಿನಲ್ಲಿ ಯಿಟರ್ಬಿಯಂ ಬೆಳ್ಳಿಗಿಂತ ಹೆಚ್ಚಿದೆ.

ಬಿಸಿ ಸಿಲಿಕಾನ್ ಮೇಲೆ ಯಿಟರ್ಬಿಯಂ ಆವಿಯನ್ನು ಅತಿ ಸ್ವಲ್ಪವೇ ಬಿಟ್ಟರೆ ಹಳೆಯ ರಂಗೋಲಿ ಅಳಿಸಿಹೋಗುತ್ತದೆ. ಸಿಲಿಕಾನ್ ಪರಮಾಣುಗಳು ಆರಾರು ಸೇರಿ ಷಟ್ಕೋನಗಳಾಗಿ, ಷಟ್ಕೋನಗಳು ಉದ್ದನೆಯ ಸರಪಳಿಗಳಾಗುತ್ತವೆ. ಎರಡು ಸರಪಳಿಗಳ ನಡುವಿನ ಕಾಲುವೆಯಲ್ಲಿ ಯಿಟರ್ಬಿಯಂ ಕೂರುತ್ತದೆ. ಮನೆಯೇ ಹೊಸದಾಗಿ ಕಟ್ಟಿಕೊಂಡಿತು, ಬಂದವನು ಮಾತ್ರ ಮೂಲೆಯಲ್ಲಿ ಕೂತ!

ಹೀಗೇಕೆ? ಯಿಟರ್ಬಿಯಂ ತನ್ನ ಎರಡು ಎಲೆಕ್ಟ್ರಾನ್‌ಗಳನ್ನು ಸಿಲಿಕಾನ್‌ಗೆ ಕೊಟ್ಟುಬಿಡುತ್ತದೆ. ಆ ಎಲೆಕ್ಟ್ರಾನ್‌ಗಳಿಂದ ಸರಪಳಿ ಗಟ್ಟಿಯಾಗಿ ನಿಲ್ಲುತ್ತದೆ. ಇದಕ್ಕೆ ಸಾಕ್ಷಿ ಒಂದು ಲೆಕ್ಕ. ಈ ಲೆಕ್ಕವೇ ನನಗೆ ಎಲ್ಲಕ್ಕಿಂತ ಸೊಗಸು. ಸೀಳಿದ ಮೇಲ್ಮೈಯಲ್ಲಿ ಒಂದೊಂದು ಪರಮಾಣುವಿನ ಜಾಗವನ್ನೂ ಚೌಕಾಬಾರದ ಒಂದು ಮನೆ ಎಂದುಕೊಳ್ಳಿ. ಸೋಡಿಯಂ ಹಾಕಿದರೂ ಇದೇ ಸರಪಳಿ ಮೂಡುತ್ತದೆ. ಆದರೆ ಸೋಡಿಯಂ ಕೊಡುವುದು ಒಂದೇ ಎಲೆಕ್ಟ್ರಾನ್. ಹಾಗಾಗಿ ಮೂರು ಮನೆಗೆ ಒಂದು ಸೋಡಿಯಂ ಬೇಕು. ಯಿಟರ್ಬಿಯಂ ಆದರೆ ಆರು ಮನೆಗೆ ಒಂದೇ ಸಾಕು.

ಎರ್ಬಿಯಂ ಆಟ ಬೇರೆ. ಸಿಲಿಕಾನ್‌ನ ಇನ್ನೊಂದು ಮುಖದ ಮೇಲೆ ಅದು ಸಿಲಿಕಾನ್ ಜೊತೆ ಸೇರಿ ಸಂಯುಕ್ತವಾಗುತ್ತದೆ. ಈ ಸಂಯುಕ್ತದ ಅಳತೆ ಒಂದು ದಿಕ್ಕಿನಲ್ಲಿ ಕೆಳಗಿನ ಸಿಲಿಕಾನ್‌ಗೆ ಬಹುತೇಕ ಹೊಂದುತ್ತದೆ, ಅಡ್ಡ ದಿಕ್ಕಿನಲ್ಲಿ ಶೇಕಡಾ 6ಕ್ಕೂ ಹೆಚ್ಚು ತಪ್ಪುತ್ತದೆ. ಹೊಂದುವ ಕಡೆ ನೂರಾರು ನ್ಯಾನೊಮೀಟರ್ ಬೆಳೆದು, ಹೊಂದದ ಕಡೆ ಕೆಲವೇ ನ್ಯಾನೊಮೀಟರ್‌ಗೆ ನಿಲ್ಲುತ್ತದೆ. ಹೀಗೆ ಯಾರೂ ಎಳೆಯದೆ ತಾನಾಗಿ ತಂತಿ ಸಿದ್ಧ! 2000ದ ಸುಮಾರಿಗೆ ವಿಜ್ಞಾನಿಗಳು ಈ ತಂತಿಗಳನ್ನು ಕಂಡರು.

ಈಗ ನಿಮಗೊಂದು ಲೆಕ್ಕ: 60 ಮನೆಗಳಿರುವ ಮೇಲ್ಮೈಗೆ ಸೋಡಿಯಂ ಪರಮಾಣುಗಳು ಎಷ್ಟು ಬೇಕು? ಯಿಟರ್ಬಿಯಂ ಎಷ್ಟು? ಎರಡರಲ್ಲೂ ಸಿಲಿಕಾನ್‌ಗೆ ಸಿಕ್ಕ ಎಲೆಕ್ಟ್ರಾನ್‌ಗಳನ್ನು ಎಣಿಸಿ, ಹೋಲಿಸಿ ನೋಡಿ.