ಚಿತ್ರಕಥೆಯಲ್ಲಿ ಪಟ್ಟಣದ ಬದುಕು



ಚಿತ್ರಕಥೆ ಹಿಡಿದರೆ ನಾವು ಮೊದಲು ನೋಡೋದು ನಾಯಕನನ್ನು. ಅವನ ಹಿಂದೆ ಬಿಡಿಸಿರುವ ಊರನ್ನು ಗಮನಿಸೋದೇ ಇಲ್ಲ. ಈ ಸಲ ನಾನು ಆ ಊರಿನ ಬಗ್ಗೆ ಬರೆಯುತ್ತೇನೆ.

ಮೇಲಿನಿಂದ ಕಾಣುವ ಪಟ್ಟಣ:
ಅಮೆರಿಕದ ಚಿತ್ರಕಥೆಗಳಲ್ಲಿ ಸೂಪರ್‌ಮ್ಯಾನ್ 1938ರಲ್ಲಿ, ಬ್ಯಾಟ್‌ಮ್ಯಾನ್ 1939ರಲ್ಲಿ ಬಂದರು. ಒಬ್ಬನ ಊರು ಮೆಟ್ರೊಪೊಲಿಸ್, ಇನ್ನೊಬ್ಬನದು ಗಾಥಮ್. ಎರಡೂ ಕಲ್ಪನೆಯ ಊರುಗಳು. ಒಬ್ಬ ಹಾರುತ್ತಾನೆ, ಇನ್ನೊಬ್ಬ ಕಟ್ಟಡದ ತುದಿಯಲ್ಲಿ ನಿಲ್ಲುತ್ತಾನೆ. ಅಲ್ಲಿಂದ ನೋಡಿದರೆ ಕಟ್ಟಡಗಳು ಬೆಟ್ಟದಷ್ಟು, ರಸ್ತೆಯ ಜನ ಎಳ್ಳುಕಾಳಿನಷ್ಟು. ಯಾರ ಮುಖವೂ ಗೊತ್ತಾಗಲ್ಲ.

ಮೆಟ್ಟಿಲಿನಿಂದ ಕಾಣುವ ಪಟ್ಟಣ:
ವಿಲ್ ಐಸ್ನರ್ ಎಂಬ ಚಿತ್ರಗಾರರು 1917ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ, ಅಲ್ಲಿನ ವಠಾರಗಳಲ್ಲೇ ಬೆಳೆದವರು. 1978ರಲ್ಲಿ ಅವರ 'ಎ ಕಾಂಟ್ರಾಕ್ಟ್ ವಿತ್ ಗಾಡ್' ಪುಸ್ತಕ ಬಂತು. ಚಿತ್ರಗಳಲ್ಲೇ ಕಥೆ ಹೇಳುವ ಇಂಥ ದೊಡ್ಡ ಪುಸ್ತಕಕ್ಕೆ ಗ್ರಾಫಿಕ್ ಕಾದಂಬರಿ ಅಂತಾರೆ. ಇದರಲ್ಲಿ ನಾಲ್ಕು ಕಥೆಗಳು. ಹಾರುವ ನಾಯಕ ಒಬ್ಬನೂ ಇಲ್ಲ. ಬಾಡಿಗೆಗೆ ಇರುವವರು, ವಠಾರ ನೋಡಿಕೊಳ್ಳುವವನು, ಬೀದಿಯ ಹಾಡುಗಾರ ಇಂಥವರೇ ಇದ್ದಾರೆ.

ಐಸ್ನರ್ ಎಲ್ಲ ಚಿತ್ರಕ್ಕೂ ಸ್ಕೇಲಿಟ್ಟು ಚೌಕ ಹಾಕೋದಿಲ್ಲ. ಕೆಲವು ಕಡೆ ಕಿಟಕಿ, ಬಾಗಿಲುಗಳೇ ಚೌಕ. ಓದುವಾಗ ಎದುರುಮನೆಯನ್ನು ಇಣುಕಿ ನೋಡಿದ ಹಾಗಾಗುತ್ತದೆ. ಮೊದಲ ಕಥೆಯಲ್ಲಿ ಸಾಕುಮಗಳನ್ನು ಮಣ್ಣು ಮಾಡಿದ ಅಪ್ಪ, ಸುರಿಯುವ ಮಳೆಯಲ್ಲಿ ಬೆನ್ನು ಬಗ್ಗಿಸಿ ಒಬ್ಬನೇ ಮನೆಗೆ ನಡೆದು ಬರುತ್ತಾನೆ. ಆ ಮಳೆಯ ಗೆರೆಗಳೇ ಅವನ ದುಃಖ ಹೇಳುತ್ತವೆ.

ನನಗೆ ಮುಖ್ಯ ಅನ್ನಿಸಿದ್ದು ಎರಡನೆಯ ಕಥೆ. 1930ರ ದಶಕ, ಎಲ್ಲೂ ಕೆಲಸವಿಲ್ಲದ ಕಾಲ. ಒಬ್ಬ ವಠಾರಗಳ ನಡುವಿನ ಓಣಿಯಲ್ಲಿ ನಿಂತು ಹಾಡುತ್ತಾನೆ. ಜನ ಕಿಟಕಿಯಿಂದ ಕಾಸು ಎಸೀತಾರೆ. ಹಿಂದೆ ಹಾಡುಗಾರ್ತಿಯಾಗಿದ್ದ ಒಬ್ಬಾಕೆ ಅವನನ್ನು ಮನೆಗೆ ಕರೆದು, ನಿನ್ನನ್ನು ದೊಡ್ಡ ಗಾಯಕನನ್ನಾಗಿ ಮಾಡ್ತೀನಿ ಅಂತಾಳೆ. ಆಮೇಲೆ ಅವನು ಮತ್ತೆ ಹೋಗಬೇಕು ಅಂದರೆ ವಿಳಾಸವೇ ನೆನಪಿಲ್ಲ! ವಠಾರಗಳೆಲ್ಲ ಒಂದೇ ತರಹ. ಕೈಗೆ ಬಂದಿದ್ದ ಬದುಕು ಹೋಯಿತು.

ನಮ್ಮೂರಲ್ಲಿ ಹೆಸರು ಹೇಳಿದರೆ ಸಾಕು, ಚಿಕ್ಕ ಮಕ್ಕಳೂ ಮನೆ ತೋರಿಸ್ತಾರೆ. ಪಟ್ಟಣದಲ್ಲಿ ವಿಳಾಸ ಕಳೆದರೆ ಮನುಷ್ಯನನ್ನೇ ಕಳೆದುಕೊಂಡ ಹಾಗೆ. ಬೆಂಗಳೂರಿಗೆ ದುಡಿಯಲು ಹೋದ ಅಣ್ಣಂದಿರು ಹಬ್ಬಕ್ಕೆ ಬಂದಾಗ ನಾವು ಅವರ ಹೊಸ ಅಂಗಿ ನೋಡ್ತೀವಿ. ಅವರ ಕೋಣೆ ಎಂಥದ್ದು, ಪಕ್ಕದ ಮನೆಯವರು ಮಾತಾಡಿಸ್ತಾರಾ ಅಂತ ಕೇಳೋದಿಲ್ಲ. ಐಸ್ನರ್ ಚಿತ್ರಗಳು ಕೇಳುವುದು ಅದನ್ನೇ. ನಾಳೆ ನಾವೂ ಪಟ್ಟಣಕ್ಕೆ ಹೋಗುವವರು. ಮೇಲಿನಿಂದ ಕಾಣುವ ಪಟ್ಟಣವನ್ನಷ್ಟೇ ನಂಬಿ ಹೋಗಬಾರದು.

ಅಭ್ಯಾಸ:
1. ಪಟ್ಟಣದಲ್ಲಿರುವ ನಿಮ್ಮವರೊಬ್ಬರನ್ನು ಕೇಳಿ, ಅವರ ಒಂದು ದಿನವನ್ನು ನಾಲ್ಕು ಚೌಕಗಳಲ್ಲಿ ಬಿಡಿಸಿ.
2. ಒಂದು ಚೌಕದಲ್ಲಾದರೂ ಮಾತು ಬರೆಯಬೇಡಿ. ಮಳೆ, ಬಿಸಿಲು, ದೀಪ ಯಾವುದಾದರೂ ಒಂದು ಮಾತಾಡಲಿ.

ಬಿಡಿಸಿದ್ದನ್ನು ತಂದುಕೊಡಿ, ಮುಂದಿನ ಸಂಚಿಕೆಯಲ್ಲಿ ಇದೇ ಗೋಡೆಗೆ ಅಂಟಿಸೋಣ.