ಇಳಿತದ ಹೊತ್ತಿನಿಂದ ಹಿಂದಕ್ಕೆ ಎಣಿಸಿ

ಶರಾವತಿಯ ಅಳಿವೆಯಲ್ಲಿ ನನ್ನ ಬಳಿ ಕಯಾಕ್ ಕಲಿಯಲು ಬರುವವರು ಮೂರನೆಯ ವಾರಕ್ಕೇ ಒಂದು ಪ್ರಶ್ನೆ ಕೇಳುತ್ತಾರೆ: "ಸರ್, ಹೊರದೇಶದ ಸ್ಪರ್ಧೆಗೆ ಹೋಗೋಕೆ ಎಷ್ಟು ದಿನ ಬೇಕು?" ಉತ್ತರ ಹೇಳುವ ಮೊದಲು ನಾನು ಥೇಮ್ಸ್ ನದಿಯ ನಕ್ಷೆ ಬಿಡಿಸಿ ಲಂಡನ್ನಿನ ಪಶ್ಚಿಮಕ್ಕಿರುವ ಟೆಡಿಂಗ್ಟನ್ ಎಂಬ ಊರಿನ ಮೇಲೆ ಬೆರಳಿಡುತ್ತೇನೆ. ನನ್ನ ಮನಸ್ಸಿನಲ್ಲಿರುವ ದೋಣಿ ಓಟ ಆ ಊರನ್ನು ಹಾದು ಹೋಗುತ್ತದೆ, ಸಮುದ್ರದ ಭರತ-ಇಳಿತ ಅಲ್ಲಿಯವರೆಗೆ ಮಾತ್ರ ಏರಿ ಬರುತ್ತದೆ. ನಿಮ್ಮ ಅಭ್ಯಾಸ, ರಜೆ, ವೀಸಾ, ಊಟ ಎಲ್ಲವನ್ನೂ ಅಲ್ಲಿ ನೀರು ಇಳಿಯತೊಡಗುವ ಹೊತ್ತಿನಿಂದ ಹಿಂದಕ್ಕೆ ಎಣಿಸಬೇಕು. ಈ ಲೇಖನದಲ್ಲಿ ನಾನು ಹೇಳಿಕೊಡಬೇಕೆಂದಿರುವುದು ಆ ಎಣಿಕೆಯನ್ನೇ.

ಯಾವ ಓಟ ಇದು?

ಇಂಗ್ಲೆಂಡಿನ ಡಿವೈಜಸ್ ಪಟ್ಟಣದಿಂದ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆಯವರೆಗೆ 125 ಮೈಲಿ, ಅಂದರೆ ಸುಮಾರು 201 ಕಿಲೋಮೀಟರ್ ದೋಣಿ ಓಟ. ಪ್ರತಿವರ್ಷ ಈಸ್ಟರ್ ವಾರಾಂತ್ಯದಲ್ಲಿ ನಡೆಯುತ್ತದೆ. ಮೊದಲ ಭಾಗ ಕೆನೆಟ್ ಮತ್ತು ಏವನ್ ಕಾಲುವೆ. ರೆಡಿಂಗ್ ಪಟ್ಟಣದಲ್ಲಿ ಕಾಲುವೆ ಮುಗಿದು ಥೇಮ್ಸ್ ಸಿಗುತ್ತದೆ. ದಾರಿಯಲ್ಲಿ 77 ಕಡೆ ದೋಣಿಯಿಂದ ಇಳಿದು, ಅದನ್ನು ಹೆಗಲಿಗೇರಿಸಿ ಓಡಿ, ಮತ್ತೆ ನೀರಿಗಿಳಿಸಬೇಕು. ಯಾಕೆಂದರೆ ಅಲ್ಲೆಲ್ಲ ಲಾಕ್‌ಗಳಿವೆ. ಏರುತಗ್ಗಿನ ನೆಲದಲ್ಲಿ ದೊಡ್ಡ ದೋಣಿಗಳನ್ನು ಮೇಲಕ್ಕೂ ಕೆಳಕ್ಕೂ ಸಾಗಿಸಲು ಬಾಗಿಲಿಟ್ಟು ಕಟ್ಟಿದ ನೀರಿನ ಮೆಟ್ಟಿಲುಗಳೇ ಲಾಕ್‌ಗಳು.

1948ರ ಈಸ್ಟರ್‌ನಲ್ಲಿ ಡಿವೈಜಸ್‌ನ ನಾಲ್ವರು ಸ್ಕೌಟ್ ಯುವಕರು, 100 ಗಂಟೆಯೊಳಗೆ ವೆಸ್ಟ್‌ಮಿನ್‌ಸ್ಟರ್ ತಲುಪಬೇಕೆಂಬ ಸವಾಲು ಹಿಡಿದು, ಊಟ-ಡೇರೆಗಳನ್ನು ದೋಣಿಯಲ್ಲೇ ಹೊತ್ತು ಹೊರಟರು. ತಲುಪಲು ಹಿಡಿದದ್ದು 89 ಗಂಟೆ 50 ನಿಮಿಷ. 1979ರಲ್ಲಿ ಇಬ್ಬರು ಇದೇ ದಾರಿಯನ್ನು 15 ಗಂಟೆ 34 ನಿಮಿಷ 12 ಸೆಕೆಂಡಿನಲ್ಲಿ ಮುಗಿಸಿದರು. ದಶಕಗಳು ಕಳೆದರೂ ಅಳಿಯದ ದಾಖಲೆ ಅದು.

ಎರಡು ಬಗೆಯಲ್ಲಿ ಸ್ಪರ್ಧಿಸಬಹುದು. ಇಬ್ಬರು ಕೂತು ಹಗಲುರಾತ್ರಿ ನಿಲ್ಲದೆ ಸಾಗುವುದು ಒಂದು. ನಾಲ್ಕು ದಿನಗಳಲ್ಲಿ 34, 36, 38, 17 ಮೈಲಿಗಳಂತೆ ಹಂಚಿಕೊಂಡು, ರಾತ್ರಿ ದಡದಲ್ಲಿ ಮಲಗಿ ಮುಂದುವರಿಯುವುದು ಇನ್ನೊಂದು. ಹೊಸಬರಿಗೆ ನನ್ನ ಸಲಹೆ ನಾಲ್ಕು ದಿನದ್ದು.

ಕನ್ನಡಿಗರಿಗೆ ಇದರ ಕೊನೆಯ ಮೈಲಿಯಲ್ಲಿ ಒಂದು ಆಪ್ತತೆ ಕಾದಿದೆ. ವಾಕ್ಸ್‌ಹಾಲ್ ಸೇತುವೆ ದಾಟಿದ ಮೇಲೆ ಬಲದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಉದ್ಯಾನದಲ್ಲಿ ಬಸವಣ್ಣನವರ ಪುತ್ಥಳಿ ಇದೆ. ಅನಾವರಣಗೊಂಡದ್ದು 2015ರ ನವೆಂಬರ್ 14ರಂದು. ಅಲ್ಲಿಂದ ಮುಂದೆ ಲ್ಯಾಂಬೆತ್ ಸೇತುವೆ, ಎಡಗಡೆ ಪಾರ್ಲಿಮೆಂಟ್ ಭವನ, ಆಮೇಲೆ ಗುರಿ.

ನೀರಿನ ಗಡಿಯಾರ

ನಮ್ಮ ಹೊನ್ನಾವರದ ಕಡೆಯವರಿಗೆ ಭರತ-ಇಳಿತವನ್ನು ವಿವರಿಸಬೇಕಾಗಿಲ್ಲ. ಪಾತಿದೋಣಿಯವರು ಭರತದ ನೀರಿನೊಂದಿಗೆ ಒಳನಾಡಿಗೆ ಹೋಗಿ, ಇಳಿತದೊಂದಿಗೆ ಕಡಲಕಡೆಗೆ ಬರುವುದನ್ನು ದಿನವೂ ಕಾಣುತ್ತೇವೆ. ಥೇಮ್ಸ್‌ನಲ್ಲೂ ಹಾಗೆಯೇ. ಟೆಡಿಂಗ್ಟನ್‌ನಿಂದ ಕೆಳಗಿನ 17 ಮೈಲಿ ಇಳಿತ ಸಿಕ್ಕಿದರೆ ನದಿಯೇ ನಿಮ್ಮನ್ನು ಕೊಂಡೊಯ್ಯುತ್ತದೆ. ಭರತಕ್ಕೆ ಸಿಕ್ಕಿಕೊಂಡರೆ ಎಷ್ಟು ಹುಟ್ಟು ಹಾಕಿದರೂ ದಂಡೆಯ ಮರ ಕದಲುವುದಿಲ್ಲ. ಅದಕ್ಕೇ ಅಲ್ಲಿ ದಾಟಲು ಇಂತಿಷ್ಟೇ ಹೊತ್ತು ಎಂದು ಆಯೋಜಕರು ನಿಗದಿ ಮಾಡುತ್ತಾರೆ.

ನಾಲ್ಕು ದಿನದ ಓಟದಲ್ಲಿ ಈ ಲೆಕ್ಕವನ್ನು ಅವರೇ ಹಾಕಿಕೊಡುತ್ತಾರೆ. ನಿಲ್ಲದೆ ಸಾಗುವವರು ತಾವೇ ಹಾಕಬೇಕು. ಒಂದು ಉದಾಹರಣೆ ಮಾಡಿ ನೋಡೋಣ. ಡಿವೈಜಸ್‌ನಿಂದ ಟೆಡಿಂಗ್ಟನ್ ಸುಮಾರು 174 ಕಿ.ಮೀ. ದೋಣಿ ಹೊತ್ತು ಓಡುವುದನ್ನೂ ಸೇರಿಸಿ ನಿಮ್ಮ ಸರಾಸರಿ ವೇಗ ಗಂಟೆಗೆ 8 ಕಿ.ಮೀ. ಎಂದಿಟ್ಟುಕೊಳ್ಳಿ. ಬೇಕಾಗುವ ಸಮಯ 21 ಗಂಟೆ 45 ನಿಮಿಷ. ಭಾನುವಾರ ಬೆಳಗ್ಗೆ 6ಕ್ಕೆ ಅಲ್ಲಿರಬೇಕೆಂದರೆ ಶನಿವಾರ ಬೆಳಗ್ಗೆ 8.15ಕ್ಕೆ ಹೊರಡಬೇಕು. ಬೇಗ ಹೊರಟರೆ ಬೆವರಿದ ಮೈಯಲ್ಲಿ ಚಳಿಯೊಳಗೆ ಕಾಯಬೇಕು, ತಡವಾದರೆ ದಾರಿ ಮುಚ್ಚುತ್ತದೆ.

ಇನ್ನೆರಡು ಸೂಕ್ಷ್ಮಗಳಿವೆ. ಈಸ್ಟರ್ ಎಂದರೆ ವಸಂತದ ಹುಣ್ಣಿಮೆಯ ನಂತರದ ಭಾನುವಾರ. ನಮ್ಮ ಲೆಕ್ಕದಲ್ಲಿ ಸಾಮಾನ್ಯವಾಗಿ ಹೋಳಿ ಹುಣ್ಣಿಮೆಯ ಅಥವಾ ದವನದ ಹುಣ್ಣಿಮೆಯ ಬೆನ್ನಿಗೆ ಬರುತ್ತದೆ. ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಎಲ್ಲಿ ಬೇಕಾದರೂ ಬೀಳಬಹುದು. ಹುಣ್ಣಿಮೆಗೆ ಹತ್ತಿರವಿದ್ದ ವರ್ಷ ನೀರಿನ ಏರಿಳಿತ ಜೋರು, ದೂರವಾದಷ್ಟೂ ಮೆತ್ತಗೆ. ಎರಡನೆಯದು ಗಡಿಯಾರದ್ದು. ಬ್ರಿಟನ್ನಿನಲ್ಲಿ ಮಾರ್ಚ್ ತಿಂಗಳ ಕೊನೆಯ ಭಾನುವಾರ ಬೆಳಗಿನ ಜಾವ 1 ಗಂಟೆಗೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. 2024ರಲ್ಲಿ ಈಸ್ಟರ್ ಅದೇ ದಿನ, ಮಾರ್ಚ್ 31ಕ್ಕೆ ಬಂದಿತ್ತು. ಅಂಥ ವರ್ಷ ಇದನ್ನು ಮರೆತವರ ಲೆಕ್ಕ ಪೂರ್ತಿ ಒಂದು ಗಂಟೆ ತಪ್ಪುತ್ತದೆ.

ದೋಣಿಯಲ್ಲಿ ಕೂರುವುದು

ಪ್ರವಾಸಿ ತಾಣಗಳಲ್ಲಿ ಕೊಡುವ ಅಗಲ ಕಯಾಕ್ ಬೇರೆ, ಓಟದ ಕಯಾಕ್ ಬೇರೆ. ಒಬ್ಬರೇ ಕೂರುವ ಕೆ-1 ದೋಣಿ 5.2 ಮೀಟರ್‌ವರೆಗೆ ಉದ್ದ. ದೂರದ ಓಟಕ್ಕೆ ಕಟ್ಟಿದ್ದಾದರೆ ತೂಕ 8 ಕೆ.ಜಿ.ಗೂ ಇಳಿಯುತ್ತದೆ. ಸೊಂಟಕ್ಕಿಂತ ಸ್ವಲ್ಪವೇ ಅಗಲ, ತಳ ದುಂಡಗೆ. ಇಬ್ಬರ ಕೆ-2 ದೋಣಿ 6.5 ಮೀಟರ್. ಚುಕ್ಕಾಣಿಯನ್ನು ಕಾಲಿನಿಂದಲೇ ತಿರುಗಿಸಬೇಕು.

ಮೊದಲ ದಿನ ಎಲ್ಲರೂ ಬೀಳುತ್ತಾರೆ. ಸೈಕಲ್ ಚೆನ್ನಾಗಿ ತುಳಿಯುವ ಹುಡುಗಿಯೊಬ್ಬಳು ಮೊದಲ ಬೆಳಗ್ಗೆ ಹನ್ನೊಂದು ಸಲ ಬಿದ್ದಳು. ಪ್ರತಿ ಸಲವೂ ಬೀಳುವ ಕ್ಷಣದಲ್ಲಿ ಅವಳ ಕಣ್ಣು ದೋಣಿಯ ಅಂಚಿನ ಮೇಲಿತ್ತು, ಹುಟ್ಟು ಗಾಳಿಯಲ್ಲಿತ್ತು. "ಆಚೆ ದಡದ ತೆಂಗಿನ ಮರ ನೋಡಮ್ಮ, ಹುಟ್ಟು ನೀರಲ್ಲಿರಲಿ" ಎಂದೆ. ಹನ್ನೆರಡನೆಯ ಸಲ ಮರದ ಕಡೆಗೆ ನಲವತ್ತು ಮೀಟರ್ ಹೋದಳು. ನೀರಿನಲ್ಲಿರುವ ಹುಟ್ಟು ನಿಮ್ಮ ಊರುಗೋಲು. ಎತ್ತಿ ಹಿಡಿದಷ್ಟು ಹೊತ್ತೂ ನಿಮಗೆ ಆಧಾರವಿಲ್ಲ.

ಆದ್ದರಿಂದ ಮೊದಲ ಎರಡು ತಿಂಗಳು ಅಗಲವಾದ ದೋಣಿಯಲ್ಲೇ ಕಲಿಯಿರಿ. ಈಜು ಬರಲೇಬೇಕು. ಲೈಫ್ ಜಾಕೆಟ್ ಇಲ್ಲದೆ ನೀರಿಗಿಳಿಯಬೇಡಿ, ಒಬ್ಬರೇ ಹೋಗಬೇಡಿ. ಮಳೆಗಾಲದ ಕೆಂಪು ನೀರಿನಲ್ಲಿ ಅಭ್ಯಾಸ ಬೇಡವೇ ಬೇಡ.

ಒಂದು ಹುಟ್ಟು

ಓಟದ ಹುಟ್ಟಿನ ಅಲಗು ಸೌಟಿನಂತೆ ಬಾಗಿರುತ್ತದೆ. ಇದನ್ನು ರೆಕ್ಕೆ ಹುಟ್ಟು ಎನ್ನುತ್ತಾರೆ. 1980ರ ದಶಕದಲ್ಲಿ ಸ್ವೀಡನ್ನಿನಿಂದ ಬಂತು. ಅದನ್ನು ಬಳಸುವುದನ್ನು ನಾಲ್ಕು ತುಂಡು ಮಾಡಿ ಹೇಳುತ್ತೇನೆ.

ಒಂದು, ಬಲಗೈ ಮುಂದೆ ಚಾಚಿ, ಭುಜವೂ ಜೊತೆಗೆ ಮುಂದೆ ಬರಲಿ, ಅಲಗನ್ನು ಪಾದದ ಪಕ್ಕ ನೀರಿಗಿಳಿಸಿ. ಎರಡು, ಅಲಗು ಪೂರ್ತಿ ಮುಳುಗುವವರೆಗೆ ಎಳೆಯಬೇಡಿ. ಅರ್ಧ ಮುಳುಗಿದ ಅಲಗು ನೀರನ್ನು ಚಿಮ್ಮಿಸುತ್ತದೆ, ದೋಣಿಯನ್ನು ನಡೆಸುವುದಿಲ್ಲ. ಮೂರು, ಬಲಗಾಲಿನಿಂದ ಪಾದದ ಹಲಗೆಯನ್ನು ಒತ್ತುತ್ತಾ ಸೊಂಟದಿಂದ ಮೈ ತಿರುಗಿಸಿ. ಆಗ ಅಲಗು ತಾನೇ ದೋಣಿಯಿಂದ ತುಸು ಹೊರಕ್ಕೆ ಸರಿಯುತ್ತದೆ, ಬಿಟ್ಟುಕೊಡಿ. ನಾಲ್ಕು, ಸೊಂಟದ ಹತ್ತಿರ ಬಂದೊಡನೆ ಎತ್ತಿಬಿಡಿ. ಅದಕ್ಕಿಂತ ಹಿಂದಕ್ಕೆಳೆದರೆ ದೋಣಿಯ ಹಿಂಬದಿ ಕುಸಿಯುತ್ತದೆ.

ಒರಳಿನ ಮುಂದೆ ಕೂತು ರುಬ್ಬುತ್ತಿದ್ದ ಅಜ್ಜಿಯನ್ನು ನೆನಪಿಸಿಕೊಳ್ಳಿ. ಗುಂಡು ತಿರುಗುತ್ತಿದ್ದದ್ದು ಬರೀ ಕೈಯಿಂದಲ್ಲ, ಇಡೀ ಮೈ ಅದರೊಂದಿಗೆ ಹೋಗಿ ಬರುತ್ತಿತ್ತು. ಗಂಟೆಗಟ್ಟಲೆ ಮಾಡುವ ಕೆಲಸಕ್ಕೆ ಅದೊಂದೇ ದಾರಿ. ತೋಳಿನಿಂದಷ್ಟೇ ಎಳೆಯುವವರ ಮಣಿಕಟ್ಟು ಬಾತುಕೊಳ್ಳುತ್ತದೆ. ಹುಟ್ಟನ್ನು ಬಿಗಿ ಹಿಡಿಯುವುದೂ ಅದಕ್ಕೆ ಕಾರಣ. ಕೋಳಿಮರಿ ಹಿಡಿದಷ್ಟು ಮೆಲ್ಲಗೆ ಹಿಡಿದರೆ ಸಾಕು.

ವಾರದ ಲೆಕ್ಕ

ಕೆಲಸಕ್ಕೆ ಹೋಗುವವರು ವಾರಕ್ಕೆ ನಾಲ್ಕು ಸಲ ನೀರಿಗಿಳಿದರೆ ಸಾಕು. ಎರಡು ದಿನ ಒಂದೊಂದು ಗಂಟೆ, ಪಕ್ಕದವರೊಂದಿಗೆ ಮಾತಾಡುತ್ತಾ ಸಾಗುವ ವೇಗದಲ್ಲಿ. ಒಂದು ದಿನ ಜೋರಾಗಿ: ಐದು ನಿಮಿಷ ಬಿರುಸು, ಎರಡು ನಿಮಿಷ ನಿಧಾನ, ಹೀಗೆ ಆರು ಸಲ. ಭಾನುವಾರ ದೂರದ ಪಯಣ. ಒಂದೂವರೆ ಗಂಟೆಯಿಂದ ಶುರುಮಾಡಿ, ತಿಂಗಳುಗಳ ಮೇಲೆ ಐದಾರು ಗಂಟೆಗೆ ಏರಿಸಿ. ಮೂರು ವಾರ ಏರಿಸಿದ ಮೇಲೆ ಒಂದು ವಾರ ಇಳಿಸಿ. ಮೈ ಗಟ್ಟಿಯಾಗುವುದು ವಿಶ್ರಾಂತಿಯಲ್ಲಿ. ಮಳೆಗಾಲದಲ್ಲಿ ಓಟ ಮತ್ತು ವ್ಯಾಯಾಮ.

ದೋಣಿ ಹೊರುವುದನ್ನು ಪ್ರತ್ಯೇಕವಾಗಿ ಕಲಿಯಿರಿ. 77 ಕಡೆ ತಲಾ ಅರ್ಧ ನಿಮಿಷ ಉಳಿಸಿದರೂ 38 ನಿಮಿಷಕ್ಕಿಂತ ಹೆಚ್ಚು ಮಿಕ್ಕುತ್ತದೆ. ದಡಕ್ಕೆ ಬರುವಾಗ ವೇಗ ತಗ್ಗಿಸಿ, ಒಂದು ಕೈ ದಡದ ಮೇಲೆ ಊರಿ, ಕಾಲೆತ್ತಿ ಹೊರಗೆ. ದೋಣಿ ಹೆಗಲ ಮೇಲೆ, ನಡಿಗೆಗಿಂತ ಚುರುಕಾದ ಓಟ, ಮತ್ತೆ ನೀರಿಗೆ. ದಣಿದ ಮೇಲೆ ಇದನ್ನು ಅಭ್ಯಾಸ ಮಾಡಿ. ಎಡವುವುದು ಆಗಲೇ.

ಚಳಿ ಮತ್ತು ಊಟ

ನಮ್ಮ ಅಳಿವೆಯಲ್ಲಿ ಬಿದ್ದರೆ ಹಿತ. ಏಪ್ರಿಲ್ ಹೊತ್ತಿನ ಥೇಮ್ಸ್‌ನಲ್ಲಿ ಬಿದ್ದರೆ ಮೊದಲು ಉಸಿರು ಕಟ್ಟುತ್ತದೆ, ಸ್ವಲ್ಪ ಹೊತ್ತಿಗೆ ಬೆರಳು ಮಾತು ಕೇಳುವುದಿಲ್ಲ. ನಡುಗುತ್ತಿದ್ದವರು ನಡುಗುವುದನ್ನು ನಿಲ್ಲಿಸಿ ತೊದಲತೊಡಗಿದರೆ ಅದು ಅಪಾಯದ ಗುರುತು, ಓಟ ಅಲ್ಲಿಗೇ ಮುಗಿಸಬೇಕು. ಹತ್ತಿ ಬಟ್ಟೆ ಬೇಡ, ಒದ್ದೆಯಾದರೂ ಬೆಚ್ಚಗಿಡುವ ಉಣ್ಣೆ ಅಥವಾ ಥರ್ಮಲ್ ಬೇಕು. ಸೀಟಿ, ಒಣಬಟ್ಟೆ, ಮೈ ಸುತ್ತಿಕೊಳ್ಳುವ ಬೆಳ್ಳಿಬಣ್ಣದ ರಕ್ಷಣಾ ಹೊದಿಕೆ ಜೊತೆಗಿರಲಿ. ಸುರಕ್ಷತಾ ಸಾಮಗ್ರಿಯ ನಿಯಮಗಳನ್ನು ಆ ವರ್ಷದ ನಿಯಮಪುಸ್ತಕದಲ್ಲೇ ಓದಿ.

ಹಸಿವಾಗುವ ಮೊದಲೇ ತಿನ್ನಬೇಕು, ಅರ್ಧ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಬಾಳೆಹಣ್ಣು, ಉಪ್ಪು ಹಾಕಿದ ಅನ್ನದ ಉಂಡೆ, ಶೇಂಗಾ ಚಿಕ್ಕಿ, ಬೆಲ್ಲದ ನೀರು ನನ್ನ ವಿದ್ಯಾರ್ಥಿಗಳಿಗೆ ಒಗ್ಗಿವೆ. ನಿಮಗೆ ಯಾವುದು ಒಗ್ಗುತ್ತದೆಂದು ಭಾನುವಾರದ ಪಯಣದಲ್ಲಿ ಕಂಡುಕೊಳ್ಳಿ. ಓಟದ ದಿನ ಹೊಸ ತಿನಿಸು ಬಾಯಿಗಿಡಬೇಡಿ. ಹಾಲು, ತುಪ್ಪ, ಪೇಡೆಯಂಥವನ್ನು ಭಾರತದಿಂದ ಬ್ರಿಟನ್ನಿಗೆ ಒಯ್ಯುವಂತಿಲ್ಲ ಎಂಬುದೂ ನೆನಪಿರಲಿ.

ಪ್ರಯಾಣದ ಸಿದ್ಧತೆ

ಐದು ಮೀಟರ್ ದೋಣಿಯನ್ನು ವಿಮಾನದಲ್ಲಿ ಒಯ್ಯುವ ಗೋಜು ಬೇಡ. ಅಲ್ಲಿನ ಕಯಾಕ್ ಕ್ಲಬ್‌ಗಳಿಗೆ ಆರು ತಿಂಗಳ ಮೊದಲೇ ಬರೆದು ಬಾಡಿಗೆಗೆ ಗೊತ್ತುಮಾಡಿಕೊಳ್ಳಿ. ನಿಮ್ಮ ಎತ್ತರ, ತೂಕ, ಯಾವ ದೋಣಿಯಲ್ಲಿ ಸ್ಥಿರವಾಗಿ ಕೂರಬಲ್ಲಿರಿ ಎಂಬುದನ್ನು ಪ್ರಾಮಾಣಿಕವಾಗಿ ತಿಳಿಸಿ. ಹುಟ್ಟು ಮಾತ್ರ ನಿಮ್ಮದೇ ಇರಲಿ. ಎರಡು ತುಂಡಾಗಿ ಬಿಚ್ಚುವಂಥದ್ದು ಚೀಲಕ್ಕೆ ಹಿಡಿಸುತ್ತದೆ.

ಹವ್ಯಾಸಿ ಸ್ಪರ್ಧಿಗೆ ಸಾಮಾನ್ಯ ಸಂದರ್ಶಕ ವೀಸಾ ಸಾಕು. ಪ್ರಯಾಣಕ್ಕೆ ಮೂರು ತಿಂಗಳಿರುವಾಗಿನಿಂದ ಅರ್ಜಿ ಹಾಕಬಹುದು, ಉತ್ತರಕ್ಕೆ ಸಾಧಾರಣವಾಗಿ ಮೂರು ವಾರ. ಸ್ಪರ್ಧೆಯ ನೋಂದಣಿ ಪತ್ರ, ರಜೆಯ ಪತ್ರ, ಖರ್ಚಿನ ಆಧಾರ ಲಗತ್ತಿಸಿ. ನೀರಿನ ಸ್ಪರ್ಧೆಯನ್ನೂ ಒಳಗೊಳ್ಳುವ ವಿಮೆಯನ್ನೇ ಕೇಳಿ ಪಡೆಯಿರಿ.

ದಡದ ತಂಡವೂ ಬೇಕು. ಕಾರಿನಲ್ಲಿ ಲಾಕ್‌ನಿಂದ ಲಾಕ್‌ಗೆ ಹೋಗಿ ಊಟ, ನೀರು, ಒಣಬಟ್ಟೆ ಕೊಡುವ ಇಬ್ಬರು. ಅಲ್ಲೂ ನಮ್ಮಂತೆ ರಸ್ತೆಯ ಎಡಬದಿ, ಪ್ರವಾಸಿಗರು ನಮ್ಮ ಲೈಸೆನ್ಸ್‌ನಲ್ಲೇ ಓಡಿಸಬಹುದು. ಆ ಇಬ್ಬರನ್ನು ಇಲ್ಲಿನ ಭಾನುವಾರಗಳಲ್ಲೇ ಜೊತೆಗೆ ಕರೆದೊಯ್ದು ಪಳಗಿಸಿ.

ಸಾಧ್ಯವಾದರೆ ಎರಡು-ಮೂರು ವಾರ ಮೊದಲೇ ತಲುಪಿ. ಈಸ್ಟರ್‌ಗೆ ಮುಂಚಿನ ವಾರಗಳಲ್ಲಿ ನ್ಯೂಬರಿಯಲ್ಲಿ ವಾಟರ್‌ಸೈಡ್, ರೆಡಿಂಗ್‌ನಲ್ಲಿ ಥೇಮ್ಸ್‌ಸೈಡ್ ಎಂಬ ಸಣ್ಣ ಓಟಗಳು ಇದೇ ಕಾಲುವೆ ಮತ್ತು ನದಿಯಲ್ಲಿ ನಡೆಯುತ್ತವೆ. ಬಾಡಿಗೆ ದೋಣಿಗೂ ಚಳಿಗೂ ಹೊಂದಿಕೊಳ್ಳಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ಈಗ ಹಿಂದಕ್ಕೆ ಎಣಿಸೋಣ

ಏಪ್ರಿಲ್‌ನ ಭಾನುವಾರ ಬೆಳಗ್ಗೆ ಟೆಡಿಂಗ್ಟನ್‌ನಲ್ಲಿ ನೀರು ಇಳಿಯತೊಡಗಿದೆ. ಅದಕ್ಕೆ ಮೂರು ವಾರ ಮೊದಲು ವಿಮಾನ. ಜನವರಿಯಲ್ಲಿ ವೀಸಾ. ಅಕ್ಟೋಬರ್‌ನಲ್ಲಿ ಬಾಡಿಗೆ ದೋಣಿಗೆ ಪತ್ರ, ಮಳೆ ನಿಂತ ನೀರಿನಲ್ಲಿ ದೂರದ ಪಯಣಗಳ ಆರಂಭ. ಅದರ ಹಿಂದೆ ಒಂದು ಮಳೆಗಾಲದ ವ್ಯಾಯಾಮ. ಅದಕ್ಕೂ ಹಿಂದೆ ಒಂದು ಬೇಸಿಗೆ, ಕೆ-1ರಲ್ಲಿ ಬೀಳದೆ ಕೂರಲು. ಇನ್ನೂ ಹಿಂದೆ ಎರಡು ತಿಂಗಳು ಅಗಲವಾದ ದೋಣಿ. ಒಟ್ಟು ಹೆಚ್ಚುಕಡಿಮೆ ಹದಿನೆಂಟು ತಿಂಗಳು. "ಎಷ್ಟು ದಿನ ಬೇಕು" ಎಂಬ ಪ್ರಶ್ನೆಗೆ ನನ್ನ ಉತ್ತರ ಅದು.

ಎಣಿಕೆ ಬಂದು ನಿಲ್ಲುವುದು ನಾಳೆ ಬೆಳಗ್ಗೆ ಆರು ಗಂಟೆಗೆ, ನಮ್ಮ ದಡದಲ್ಲಿ. ಬಟ್ಟೆ ಒದ್ದೆಯಾಗುತ್ತದೆ, ಇನ್ನೊಂದು ಜೊತೆ ತನ್ನಿ. ದೋಣಿಯಲ್ಲಿ ಕೂತ ಮೇಲೆ ಆಚೆ ದಡದ ತೆಂಗಿನ ಮರ ನೋಡಿ, ಹುಟ್ಟು ನೀರಲ್ಲಿರಲಿ.